ಸತ್ತಿದೆ, ಬಳಸಬೇಡಿ

ಮೂರನೆಯ ನೆಟ್‌ವರ್ಕ್ ಸ್ವಿಚ್ಚಿನಲ್ಲಿ ಜೀವ ಇರಲಿಲ್ಲ. ಅದರ ಮೇಲಿನ ಎರಡು, ಕೆಳಗಿನ ಒಂದು ಹಸಿರು ದೀಪ ಮಿಟುಕಿಸುತ್ತ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು. ಅವಳು ಮೊಣಕಾಲೂರಿ, ಕೈಯನ್ನು ಹಿಂಬದಿಗೆ ತೂರಿಸಿ, ಕರೆಂಟಿನ ವೈರನ್ನು ಕಿತ್ತು ಬೇರೆ ಪ್ಲಗ್ಗಿಗೆ ಚುಚ್ಚಿದಳು. ಏನೂ ಆಗಲಿಲ್ಲ. ವೈರನ್ನೇ ಬದಲಿಸಿ ನೋಡಿದಳು. ಕೊನೆಗೆ ಅಂಗೈಯನ್ನು ಅದರ ಬೆನ್ನಿನ ಮೇಲಿಟ್ಟಳು. ತಣ್ಣಗಿತ್ತು.

"ಎಷ್ಟೊತ್ತಾಗುತ್ತೆ ವೈರಮ್ಮ?"

ನವಜಾತ ಶಿಶುಗಳ ವಾರ್ಡಿನ ಹಿರಿಯ ನರ್ಸ್ ಬಾಗಿಲಿಗೆ ಒರಗಿ ನಿಂತಿದ್ದರು. ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಅವಳಿಗೆ ಈ ಹೆಸರಿಟ್ಟದ್ದು ಅವರೇ. "ನಂಗೆ ಯಾರ ಮೇಲೂ ವೈರ ಇಲ್ಲ ಸಿಸ್ಟರ್" ಎಂದು ಮೊದಮೊದಲು ಅವಳು ತಮಾಷೆಗೆ ತಕರಾರು ತೆಗೆಯುತ್ತಿದ್ದಳು. ಈಗ ಹನ್ನೊಂದು ವರ್ಷವಾಗಿ, ಆ ಕಟ್ಟಡದಲ್ಲಿ ಅವಳಿಗೆ ಬೇರೊಂದು ಹೆಸರಿದೆ ಎನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು.

"ಇದು ಹೋಗಿದೆ ಸಿಸ್ಟರ್. ಬೇರೆ ಹಾಕ್ಬೇಕು. ಒಂದು ಗಂಟೆ ಕೊಡಿ."

"ಒಂದು ಸ್ವಿಚ್ ಹಾಕೋಕೆ ಒಂದು ಗಂಟೆನಾ? ನಮ್ಮನೆ ಎಲೆಕ್ಟ್ರಿಷಿಯನ್ ಐದು ನಿಮಿಷದಲ್ಲಿ ಹಾಕಿ ಹೋಗ್ತಾನೆ." ಮಾತು ತಮಾಷೆಯದಾದರೂ ಅವರ ಮುಖ ಸಡಿಲಾಗಿರಲಿಲ್ಲ. "ಎರಡು ದಿನದ ಮಗು ಇದೆ ಕಣ್ರೀ, ಜೋರು ಕಾಮಾಲೆ. ರಕ್ತ ಬದಲಾಯಿಸಬೇಕೋ ಬೇಡ್ವೋ ಅಂತ ಡಾಕ್ಟ್ರು ರಿಪೋರ್ಟಿಗೆ ಕಾಯ್ತಾ ಕೂತಿದಾರೆ. ಲ್ಯಾಬಿಗೆ ಫೋನ್ ಹೋಗ್ತಿಲ್ಲ, ಕಂಪ್ಯೂಟರಲ್ಲಿ ಏನೂ ಬರ್ತಿಲ್ಲ. ಆಯಾನ ಓಡಿಸಿದ್ರೆ ಚೀಟೀಲಿ ಬರೆಸಿಕೊಂಡು ಬಂದ್ಲು. ಆ ಚೀಟಿ ಬೇರೆ ಮಗೂದು."

ವಾರ್ಡಿಗೂ ಮೆಟ್ಟಿಲಿಗೂ ನಡುವಿನ ಆ ಇಕ್ಕಟ್ಟು ಕೋಣೆಯಲ್ಲಿ ನಾಲ್ಕು ಸ್ವಿಚ್ಚುಗಳನ್ನು ಒಂದರ ಮೇಲೊಂದು ಪೇರಿಸಲಾಗಿತ್ತು. ಕಂಪ್ಯೂಟರು, ಫೋನುಗಳ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆಯಾದ ಲೋಹದ ಪೆಟ್ಟಿಗೆಗಳು. ಹಿಂದಿನಿಂದ ಗಿಡ್ಡನೆಯ ದಪ್ಪ ಕೇಬಲ್ಲುಗಳು ಅವನ್ನು ಒಂದಕ್ಕೊಂದು ಕಟ್ಟಿಹಾಕಿದ್ದರಿಂದ ನಾಲ್ಕೂ ಸೇರಿ ಒಂದೇ ಯಂತ್ರದ ಹಾಗೆ ನಡೆಯುತ್ತಿದ್ದವು. ಅವುಗಳಲ್ಲೊಂದು ಯಜಮಾನ, ಯಾವ ತಂತಿ ಯಾವ ವಾರ್ಡಿನದು, ಯಾರ ಮಾತು ಯಾರಿಗೆ ತಲುಪಬೇಕು ಎಂಬುದೆಲ್ಲ ಅದರ ನೆನಪಿನಲ್ಲಿರುತ್ತದೆ. ಒಂದು ಸತ್ತರೆ ಉಳಿದವು ನಿಲ್ಲುವುದಿಲ್ಲ. ಆದರೆ ಸತ್ತದ್ದರ ಮುಖಕ್ಕೆ ಸಿಕ್ಕಿಸಿದ ನಲವತ್ತೆಂಟು ತಂತಿಗಳ ಆ ತುದಿಯಲ್ಲಿರುವವರು ಕುರುಡರೂ ಕಿವುಡರೂ ಆಗಿಬಿಡುತ್ತಾರೆ. ಇವತ್ತು ಆ ತುದಿಯಲ್ಲಿದ್ದದ್ದು ಶಿಶುಗಳ ವಾರ್ಡು ಮತ್ತು ಲ್ಯಾಬು.

ಅವಳು ಒಂದೊಂದೇ ತಂತಿಗೆ ಅಂಟುಪಟ್ಟಿ ಸುತ್ತಿ ಸಂಖ್ಯೆ ಬರೆದಳು. ಆಮೇಲೆ ನೆಲಮಾಳಿಗೆಯ ಸ್ಟೋರ್ಸಿಗೆ ಇಳಿದಳು.

ಸ್ಟೋರ್ಸಿನ ಅಧಿಕಾರಿ ಅವಳ ಭಾವ, ಒಬ್ಬಳೇ ಅಕ್ಕನ ಗಂಡ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಒಂಬತ್ತು ವರ್ಷದವಳಿದ್ದಾಗಿನಿಂದ ಅವಳು ಬೆಳೆದದ್ದು ಅವರ ಮನೆಯಲ್ಲೇ. ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟವರೂ ಅವರೇ. ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಬೇಯಿಸಿದ ಮೊಟ್ಟೆ ತಿನ್ನುತ್ತ ಕುಳಿತಿದ್ದ ಭಾವ, ಅವಳನ್ನು ಕಂಡು ಎದ್ದು, ಕಪಾಟಿನಿಂದ ತಾವೇ ಒಂದು ಪೆಟ್ಟಿಗೆ ಇಳಿಸಿಕೊಟ್ಟರು.

"ತಗೋ ಪುಟ್ಟಿ, ಹೊಚ್ಚ ಹೊಸದು. ಸೀಲು ಕೂಡ ಒಡೆದಿಲ್ಲ." ಪುಸ್ತಕದ ಹಾಳೆ ಮಗುಚಲು ಬೆರಳನ್ನು ನಾಲಗೆಗೆ ಒತ್ತಿಕೊಂಡರು. "ಇಲ್ಲೊಂದು ಸೈನ್ ಹಾಕು."

ಆ ಹಾಳೆಯ ಮೂಲೆ ಒದ್ದೆಯಾಗಿತ್ತು. ಅವಳು ಅಲ್ಲಿಗೆ ಕೈ ತಾಗದ ಹಾಗೆ ಸಹಿ ಹಾಕಿ ಪೆಟ್ಟಿಗೆ ಎತ್ತಿಕೊಂಡಳು.

ವಾರ್ಡಿನ ಮುಂದೆ, ಕಾರಿಡಾರಿನ ಬೆಂಚಿನ ಮೇಲೆ ಅದನ್ನಿಟ್ಟು ಟೇಪು ಕತ್ತರಿಸಿದಾಗ ಮೊದಲು ಬಂದದ್ದು ವಾಸನೆ. ಹೊಸ ಸಾಮಾನಿಗೆ ಪ್ಲಾಸ್ಟಿಕ್ಕಿನ, ಥರ್ಮೋಕೋಲಿನ ಒಂದು ಚೊಕ್ಕ ವಾಸನೆ ಇರುತ್ತದೆ. ಇದು ಬೇರೆ. ಎಣ್ಣೆ ಕಮಟಿದಂತೆ, ಬಹಳ ದಿನ ಮುಚ್ಚಿಟ್ಟ ಅಡುಗೆಮನೆಯ ಮೂಲೆಯಂತೆ. ಅವಳು ಎರಡೂ ಕೈಯಿಂದ ಸ್ವಿಚ್ಚನ್ನು ಎತ್ತಿದಳು. ಒಳಗೆ ಏನೋ ಸರಸರ ಎಂದಿತು. ಕಳಚಿದ ಸ್ಕ್ರೂ ಇರಬಹುದು ಎಂದುಕೊಂಡು ಸ್ವಲ್ಪ ಓರೆ ಮಾಡಿದಳು.

ಗಾಳಿಯಾಡುವ ಕಿಂಡಿಗಳಿಂದ ಜಿರಲೆಗಳು ಸುರಿದವು. ಮೊದಲು ಎರಡು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ದೊಡ್ಡವು, ಮರಿಗಳು, ಚರ್ಮ ಬಿಟ್ಟು ಬೆಳ್ಳಗಾಗಿದ್ದವು. ಕೆಲವು ಅವಳ ಮಣಿಕಟ್ಟಿನ ಮೇಲೆ ಹತ್ತಿ ತೋಳಿನೊಳಕ್ಕೆ ನುಗ್ಗಿದವು. ಅವಳು ಕೂಗಲಿಲ್ಲ, ಕೂಗಿದರೆ ಕೈಬಿಟ್ಟುಬಿಡುತ್ತೇನೆ ಎನಿಸಿ ಹಲ್ಲು ಕಚ್ಚಿ ಅದನ್ನು ಬೆಂಚಿನ ಮೇಲಿಟ್ಟು, ತೋಳು ಕೊಡವಿ ಕೊಡವಿ ಹಿಂದೆ ಸರಿದಳು.

"ಬಾಗಿಲು! ಬಾಗಿಲ ಸಂದಿ ಮುಚ್ರೀ!" ಹಿರಿಯ ನರ್ಸ್ ಓಡಿಬಂದು ಚಪ್ಪಲಿ ಕಾಲಿನಲ್ಲೇ ಚಟಚಟ ತುಳಿದರು. ಒಳಗಿನಿಂದ ಯಾರೋ ಒದ್ದೆ ಟವೆಲು ಎಸೆದರು. ಅದನ್ನು ಬಾಗಿಲಡಿಗೆ ತುರುಕುವಷ್ಟರಲ್ಲಿ ನಾಲ್ಕೈದು ಒಳಗೆ ಹೋಗಿಯೇ ಬಿಟ್ಟಿದ್ದವು. ಗಾಜಿನಾಚೆ ಇಬ್ಬರು ನರ್ಸುಗಳು ತೊಟ್ಟಿಲುಗಳ ನಡುವೆ ಬಗ್ಗಿಕೊಂಡು ಹುಡುಕುತ್ತಿರುವುದು ಕಾಣುತ್ತಿತ್ತು. ಒಬ್ಬಳು ನೀಲಿ ದೀಪದ ಕೆಳಗಿದ್ದ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದಳು.

"ಇದನ್ನ ಎಲ್ಲಿಂದ ತಂದ್ರಿ? ಚರಂಡಿಯಿಂದಾನಾ?" ನರ್ಸ್ ಕೇಳಿದರು.

ಅವಳು ಪೆಟ್ಟಿಗೆ ಸಮೇತ ಅದನ್ನು ಮೆಟ್ಟಿಲಾಚೆಯ ತೆರೆದ ಜಾಗಕ್ಕೆ ಒಯ್ದು, ಕಾಲಿನಿಂದ ಮಗುಚಿ ಹಾಕಿದಳು. ತಳದಲ್ಲಿ ಹೊಸ ಬಿಳಿ ಸ್ಟಿಕರು. ಅದರ ಒಂದು ಅಂಚು ಎದ್ದಿತ್ತು, ಅಂಚಿನಡಿ ನೀಲಿ ಶಾಯಿ ಇಣುಕುತ್ತಿತ್ತು. ಪೆನ್ನಿನ ತುದಿಯಿಂದ ಸ್ಟಿಕರನ್ನು ಎಬ್ಬಿಸಿದಳು. ಯಾರೋ ಉಜ್ಜಿ ಅಳಿಸಲು ನೋಡಿದ್ದರು, ಪೂರ್ತಿ ಅಳಿಸಿರಲಿಲ್ಲ. 'ಸತ್ತಿದೆ, ಬಳಸಬೇಡಿ' ಎಂದು ಓದಬಹುದಿತ್ತು. ಕೆಳಗೆ ಎರಡು ವರ್ಷದ ಹಿಂದಿನ ತಾರೀಖು. 'ಳ' ಅಕ್ಷರದ ಬಾಲವನ್ನು ಹಾಗೆ ಒಳಕ್ಕೆ ಸುತ್ತಿ ಬರೆಯುವವರು ಆ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು. ಅದೇ ಮಹಡಿಯಿಂದ ಅವಳೇ ಕಿತ್ತು, ಗುಜರಿಗೆ ಎಂದು ಬರೆದುಕೊಟ್ಟಿದ್ದ ಸ್ವಿಚ್ಚು ಅದು.

ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಂಡಳು. ಸೋಪು ಹಾಕಿ ಮತ್ತೆ ತೊಳೆದಳು. ತೋಳಿನ ಒಳಗೆ ಇನ್ನೂ ಏನೋ ಹರಿಯುತ್ತಿರುವಂತೆಯೇ ಇತ್ತು.

ಭಾವ ಎರಡನೆಯ ಮೊಟ್ಟೆ ಸುಲಿಯುತ್ತಿದ್ದರು.

"ಭಾವ, ನೀವು ಕೊಟ್ಟಿದ್ದು ನಾನೇ ಗುಜರಿಗೆ ಹಾಕಿದ್ದು. ಅಡೀಲಿ ನನ್ನ ಕೈಬರಹ ಇದೆ."

ಅವರು ತಲೆ ಎತ್ತಲಿಲ್ಲ. "ಸ್ಪಿರಿಟ್ ಹಾಕಿ ಉಜ್ಜಿ ಅಂತ ಬಡ್ಕೊಂಡಿದ್ದೆ. ಒಂದು ಕೆಲಸಾನೂ ನೆಟ್ಟಗೆ ಮಾಡಲ್ಲ."

ಅವರಿಗೆ ಏನೂ ಗೊತ್ತಿಲ್ಲ, ಬೇರೆ ಯಾರೋ ಅವರ ಕಣ್ಣಿಗೂ ಮಣ್ಣೆರಚಿದ್ದಾರೆ ಎಂದು ಮೆಟ್ಟಿಲಿಳಿಯುವಾಗ ಅವಳು ಅಂದುಕೊಂಡಿದ್ದಳು. ಆ ಒಂದು ಮಾತಿನಲ್ಲಿ ಅದೂ ಹೋಯಿತು.

"ಹೊಸದು ಅಂತ ಬಂದಿದ್ದ ಆರು ಸ್ವಿಚ್ಚೂ ಹೀಗೇನಾ?"

"ಬಾಗಿಲು ಹಾಕು ಮೊದ್ಲು." ಅವಳು ಹಾಕಲಿಲ್ಲ. ಅವರೇ ದನಿ ತಗ್ಗಿಸಿದರು. "ಎರಡು ಚೆನ್ನಾಗಿವೆ. ಉಳಿದಿದ್ದಕ್ಕೂ ಫ್ಯಾನ್ ಬದಲಾಯಿಸಿದಾರೆ, ಓಡುತ್ತೆ. ನೀನು ಹಾಕಿ ನೋಡಿದ್ಯಾ? ಹಾಕಿ ನೋಡ್ದೆ ಓಡಿಬಂದಿದೀಯ."

"ಒಳಗೆ ಜಿರಲೆ ಸಂಸಾರ ಮಾಡ್ಕೊಂಡಿದೆ ಭಾವ. ಹಸುಗೂಸುಗಳ ವಾರ್ಡೊಳಗೆ ಬಿಟ್ಟು ಬಂದಿದೀನಿ."

"ಜಿರಲೆ ಎಲ್ಲಿಲ್ಲ? ನಮ್ಮ ಅಡುಗೆಮನೇಲಿ ಇಲ್ವಾ?" ಇಡೀ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡರು. ಕೆನ್ನೆ ಒಂದು ಕಡೆ ಉಬ್ಬಿತು. ಅಗಿಯುತ್ತಲೇ ಡ್ರಾಯರು ಎಳೆದು, ಒಂದು ಹಾಳೆ ತೆಗೆದು ಅವಳತ್ತ ತಿರುಗಿಸಿಟ್ಟರು. "ಸಿಟ್ಟು ಮಾಡ್ಕೊಳ್ಳೋ ಮುಂಚೆ ಇದನ್ನೂ ಒಂದ್ಸಲ ನೋಡ್ಕೋ."

ಆರು ಸ್ವಿಚ್ಚು ಬಂದಿವೆ, ಬಿಚ್ಚಿ ಪರೀಕ್ಷಿಸಲಾಗಿದೆ, ಎಲ್ಲವೂ ಹೊಸವು, ಸರಿಯಾಗಿವೆ. ಕೆಳಗೆ ಅವಳ ಸಹಿ. ಅವಳಿಗೆ ಆ ದಿನ ನೆನಪಾಯಿತು. ಒಂದು ಭಾನುವಾರ, ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆದು ಬಂದಿದ್ದಳು. ಭಾವ ಕಾಗದದ ಕಟ್ಟು ಹಿಡಿದುಕೊಂಡು, ಎಲ್ಲ ಪೆಟ್ಟಿಗೆ ನಾನೇ ನೋಡಿದ್ದೀನಿ, ನೀನೊಂದು ಗೀಚಿಬಿಡು ಎಂದಿದ್ದರು. ಅವಳು ನಿಂತಲ್ಲೇ ಗೀಚಿದ್ದಳು. ಅವಳ ಒದ್ದೆ ಬೆರಳಿನ ಗುರುತು ಸಹಿಯ ಪಕ್ಕದಲ್ಲಿ ಈಗಲೂ ಸುಕ್ಕಾಗಿ ಉಳಿದಿತ್ತು. ಅಂದರೆ ಅವಳ ಸಹಿ ಇದ್ದದ್ದರಿಂದಲೇ ಆ ಜಿರಲೆಗಳು ಮೂರು ಮಹಡಿ ಹತ್ತಿ ಬಂದಿದ್ದವು.

"ನಾನು ಮುಳುಗಿದ್ರೆ ಒಬ್ಬನೇ ಮುಳುಗಲ್ಲ ಪುಟ್ಟಿ." ಭಾವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಜ್ವರ ಬಂದವರಿಗೆ ಮಾತ್ರೆ ನುಂಗಿಸುವಾಗಿನ ದನಿ ಅದು. ಚಿಕ್ಕಂದಿನಲ್ಲಿ ಅವಳಿಗೆ ಬಲು ಇಷ್ಟವಾಗಿದ್ದ ದನಿ. "ಕೈ ಹಿಡ್ಕೊಂಡು ಸ್ಕೂಲಿಗೆ ಬಿಟ್ಟುಬಂದಿದೀನಿ ನಿನ್ನ. ಒಂದೇ ತಟ್ಟೇಲಿ ಉಂಡೋರು ನಾವು. ಇನ್ನೊಂದು ಪೆಟ್ಟಿಗೆ ಕೊಡ್ತೀನಿ, ಚೆನ್ನಾಗಿರೋದು. ಇದನ್ನ ಇಲ್ಲಿ ತಂದಿಟ್ಬಿಡು." ಹಾಗೆನ್ನುತ್ತ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬೆರಳುಗಳು ತೇವವಾಗಿದ್ದವು, ಮೊಟ್ಟೆ ನಾರುತ್ತಿತ್ತು. ಮೇಲ್ದುಟಿಗೆ ಹಳದಿಯ ಪುಡಿ ಅಂಟಿತ್ತು.

ಅವಳು ಕೈ ಕಿತ್ತುಕೊಂಡು ಹೊರಗೆ ಬಂದಳು.

ಅವರು ಕೊಡುವ ಇನ್ನೊಂದು ಪೆಟ್ಟಿಗೆಯನ್ನು ಮುಟ್ಟುವುದು ಅವಳಿಂದ ಸಾಧ್ಯವಿರಲಿಲ್ಲ. ಆದರೆ ಸ್ವಿಚ್ಚು ಬೇಕಿತ್ತು, ಈಗಲೇ ಬೇಕಿತ್ತು. ಮೂರು ಮಹಡಿ ಹತ್ತುವಷ್ಟರಲ್ಲಿ ಎಲ್ಲಿ ಸಿಗುತ್ತದೆ ಎಂದು ಹೊಳೆಯಿತು. ಅವಳು ಹಾಗೆಯೇ ಮೇಲಕ್ಕೆ ಹೋದಳು. ಕೊನೆಯ ಮಹಡಿಯಲ್ಲಿ ಆಡಳಿತ ಕಚೇರಿ. ನೆಲಕ್ಕೆ ರತ್ನಗಂಬಳಿ, ಎಲ್ಲ ಬಾಗಿಲೂ ಮುಚ್ಚಿತ್ತು. ಮೂಲೆಯ ಕಪಾಟಿನಲ್ಲಿ ಅದೇ ಮಾದರಿಯ ಸ್ವಿಚ್ಚೊಂದು ನಿಶ್ಚಿಂತೆಯಿಂದ ಗುನುಗುತ್ತಿತ್ತು. ಆಡಳಿತಾಧಿಕಾರಿಯ ಕಂಪ್ಯೂಟರು, ಆ ಮಹಡಿಯ ಫೋನುಗಳು, ನೆಲಮಾಳಿಗೆಯ ಸ್ಟೋರ್ಸು, ಎಲ್ಲ ಅದರದ್ದೇ. ಅವಳು ಯಾರನ್ನೂ ಕೇಳಲಿಲ್ಲ. ಕಪಾಟಿನ ಬೀಗ ತೆಗೆದು, ತಂತಿಗಳನ್ನು ಒಂದೊಂದೇ ಕಿತ್ತು, ಸ್ವಿಚ್ಚನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದಳು. ಹಿಂದೆ ಯಾವುದೋ ಕೋಣೆಯಿಂದ "ಹಲೋ? ಹಲೋ?" ಎನ್ನುವುದು ಕೇಳಿಸಿತು.

ಇನ್ನು ಆತುರ ಪಡುವಂತಿರಲಿಲ್ಲ. ಹಳೆಯ ಜಾಗದ ನೆನಪು ತುಂಬಿಕೊಂಡ ಸ್ವಿಚ್ಚನ್ನು ಹಾಗೇ ತಂದು ಜೋಡಿಸಿದರೆ ಅದು ತಾನೇ ಯಜಮಾನನೆಂದು ಮೆರೆದು ಉಳಿದ ಮೂರರ ತಲೆಯನ್ನೂ ಕೆಡಿಸಬಹುದು; ಆಗ ಇಡೀ ಮಹಡಿಯೇ ಸಾಯುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ, ಅದನ್ನು ಒಂಟಿಯಾಗಿ ಚಾಲೂ ಮಾಡಿ, ನೆನಪೆಲ್ಲ ಅಳಿಸಿದಳು. ಉಳಿದವುಗಳಲ್ಲಿ ಇದ್ದ ತಂತ್ರಾಂಶವನ್ನೇ ಇದಕ್ಕೂ ಹಾಕಿದಳು. ನೀನು ಮೂರನೆಯವನು, ನಿನ್ನ ಸರದಿ ಕೊನೆಗೆ ಎಂದು ಬರೆದಳು. ಕರೆಂಟು ತೆಗೆದು, ಸತ್ತದ್ದರ ಜಾಗಕ್ಕೆ ಸರಿಸಿ, ಸ್ಕ್ರೂ ಬಿಗಿದು, ಹಿಂದಿನ ಗಿಡ್ಡ ಕೇಬಲ್ಲುಗಳನ್ನು ಕಟಕ್ ಎನ್ನುವವರೆಗೆ ಒತ್ತಿದಳು. ನಲವತ್ತೆಂಟು ತಂತಿಗಳನ್ನು ಸಂಖ್ಯೆ ನೋಡಿ ನೋಡಿ ಸಿಕ್ಕಿಸಿದಳು. ಎಲ್ಲ ಮುಗಿದ ಮೇಲೆ ಕರೆಂಟು ಕೊಟ್ಟಳು.

ಹಳದಿ ದೀಪ ಹತ್ತಿತು. ಹಾಗೇ ಇತ್ತು. ಹಿರಿಯ ನರ್ಸ್ ಬಂದು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಅವರ ಚಪ್ಪಲಿಯ ಅಂಚಿನಲ್ಲಿ ಜಿರಲೆಯ ರೆಕ್ಕೆಯೊಂದು ಅಂಟಿಕೊಂಡಿತ್ತು. ಏಳೆಂಟು ನಿಮಿಷ ಕಳೆದಿರಬೇಕು, ದೀಪ ಹಸಿರಾಯಿತು. ಆಮೇಲೆ ಸಾಲಾಗಿ ಇನ್ನೊಂದು, ಮತ್ತೊಂದು. ಗೋಡೆಯಾಚೆ ಫೋನು ಬಡಿದುಕೊಂಡಿತು. ನರ್ಸ್ ಮೊಣಕಾಲು ಹಿಡಿದುಕೊಂಡು ಎದ್ದು ಓಡಿದರು. ಸ್ವಲ್ಪ ಹೊತ್ತಿಗೆ ಅವರ ದನಿ ಕೇಳಿತು: "ಹೇಳಿ, ನಿಧಾನವಾಗಿ ಹೇಳಿ... ಹದಿನೆಂಟು ಪಾಯಿಂಟ್ ಆರು. ಡಾಕ್ಟ್ರೇ, ಬಂತು, ಕಂಪ್ಯೂಟರಲ್ಲೂ ಬಂತು!"

ಅಷ್ಟರಲ್ಲಿ ಮೇಲಿನಿಂದ ಬುಲಾವ್ ಬಂತು.

"ಏನಮ್ಮಾ ಇದು? ನನ್ನ ಇಡೀ ಫ್ಲೋರ್ ಸತ್ತು ಕೂತಿದೆ" ಎಂದರು ಆಡಳಿತಾಧಿಕಾರಿ.

"ನಿಮ್ಮ ಸ್ವಿಚ್ಚನ್ನ ಮಕ್ಕಳ ವಾರ್ಡಿಗೆ ಹಾಕಿದೀನಿ ಸಾರ್. ಯಾಕೆ ಅಂದ್ರೆ, ಸ್ಟೋರ್ಸಲ್ಲಿ ಕೊಟ್ಟಿದ್ದು ಇದು." ಆ ಜಿರಲೆಯ ಸ್ವಿಚ್ಚನ್ನು ತುಂಬಿ ಗಂಟು ಹಾಕಿ ತಂದಿದ್ದ ಪಾರದರ್ಶಕ ಚೀಲವನ್ನು ಮೇಜಿನ ಮೇಲಿಟ್ಟಳು. ಚೀಲದ ಗೋಡೆಗೆ ಹೊಟ್ಟೆ ಆನಿಸಿಕೊಂಡು ಒಂದು ಜಿರಲೆ ಮೀಸೆ ಆಡಿಸುತ್ತಿತ್ತು.

ಅವರು ಕುರ್ಚಿ ಸಮೇತ ಹಿಂದಕ್ಕೆ ಹೋದರು. "ಥೂ! ಮೊದ್ಲು ಅದನ್ನ ಆಚೆ ತಗೊಂಡೋಗಿ."

"ಇದು ಎರಡು ವರ್ಷದ ಹಿಂದೆ ನಾನು ಗುಜರಿಗೆ ಹಾಕಿದ್ದು. ಹೊಸದು ಅಂತ ಬಿಲ್ಲಾಗಿ ವಾಪಸ್ ಬಂದಿದೆ."

"ಆಯ್ತಮ್ಮ, ಅದನ್ನ ಆಚೆ ಇಡಿ. ಅಲ್ಲ, ಮೇಜಿನ ಮೇಲೆ ಇಡ್ತಾರೇನ್ರೀ ಇಂಥದ್ದನ್ನ?" ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಅವರು ಮೇಜಿನ ಗಾಜನ್ನು ನೋಡುತ್ತಿದ್ದರು, ಎಲ್ಲಾದರೂ ಕಲೆ ಆಗಿದೆಯೇ ಎಂದು. ವಾರ್ಡಿನ ಬಗ್ಗೆ ಕೇಳಲಿಲ್ಲ. ಮಗುವಿನ ಬಗ್ಗೆ ಕೇಳಲಿಲ್ಲ. "ಏನಿದ್ರೂ ಬರೆದುಕೊಡಿ, ನೋಡೋಣ" ಎಂದು ಬಾಗಿಲ ಕಡೆ ಕೈ ತೋರಿಸಿದರು.

ಅವಳು ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದಳು. ಒಂದು ಪುಟದಲ್ಲಿ ಭಾವನ ವಿಷಯ ಮುಗಿಯಿತು. ಎರಡನೆಯ ಪುಟದ ಮೇಲೆ ಪೆನ್ನು ಬಹಳ ಹೊತ್ತು ನಿಂತಿತು. ಆಮೇಲೆ ಬರೆದಳು: ಆರು ಪೆಟ್ಟಿಗೆಗಳಲ್ಲಿ ಒಂದನ್ನೂ ಬಿಚ್ಚಿ ನೋಡದೆ, ಎಲ್ಲ ಸರಿಯಿದೆ ಎಂದು ಸಹಿ ಮಾಡಿದವಳು ನಾನು.

ಮೂರನೆಯ ದಿನ ಅಕ್ಕನ ಫೋನು ಬಂತು.

"ಊಟಕ್ಕೆ ಕೂತೋರು ತಟ್ಟೆ ಬಿಟ್ಟು ಎದ್ದುಹೋದ್ರು. ಏನೇ ಮಾಡ್ದೆ ನೀನು?"

"ಅಕ್ಕಾ, ಭಾವ ಏನ್ ಮಾಡಿದ್ರು ಅಂದ್ರೆ..."

"ನಿಮ್ಮ ಭಾವ ಏನ್ ಮಾಡಿದ್ರು ಅಂತ ನಾನು ಕೇಳ್ಲಿಲ್ಲ. ನೀನೇನ್ ಮಾಡ್ದೆ ಅಂತ ಕೇಳ್ದೆ."

"ಅಸಹ್ಯ ಆಯ್ತು ಅಕ್ಕ. ತಡ್ಕೊಳ್ಳೋಕೆ ಆಗ್ಲಿಲ್ಲ."

"ನಿನಗೆ ಅಸಹ್ಯ ಆಯ್ತಾ?" ಅಕ್ಕನ ದನಿ ಒಮ್ಮೆಲೇ ತಣ್ಣಗಾಗಿತ್ತು. "ಮನೆಗೆ ಬರೋ ಒಂದೊಂದು ಸಾಮಾನಿನ ಮೇಲಿಂದಲೂ ಆಸ್ಪತ್ರೆ ಸ್ಟಿಕರ್ ಕೆರೆದು ತೆಗೆಯೋಳು ನಾನು. ಬಿಸಿನೀರಲ್ಲಿ ನೆನೆಸಿ, ಉಗುರಲ್ಲಿ ಕೆರೆದು. ಇಪ್ಪತ್ತೈದು ವರ್ಷದಿಂದ. ನೀನು ಪರೀಕ್ಷೆಗೆ ಓದ್ತಿದ್ದ ಟೇಬಲ್ ಲ್ಯಾಂಪು ಇದೆಯಲ್ಲ, ಅದೆಲ್ಲಿಂದ ಬಂತು ಅನ್ಕೊಂಡೆ? ನೀನು ಹೊದ್ಕೊಳ್ತಿದ್ದ ಬಿಳಿ ಕಂಬಳಿ? ಆಗ ಆಗ್ಲಿಲ್ವಲ್ಲ ನಿನಗೆ ಅಸಹ್ಯ."

"ನಂಗೆ ಗೊತ್ತಿರಲಿಲ್ಲ ಅಕ್ಕ."

"ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡ್ಕೊಂಡೋಳು ನಾನು." ಫೋನು ಕಟ್ಟಾಯಿತು.

ಆ ಕಂಬಳಿ ಅವಳಿಗೆ ಚೆನ್ನಾಗಿ ನೆನಪಿತ್ತು. ಒಂದು ಮೂಲೆಯಲ್ಲಿ ಚೌಕಾಕಾರದ ತುಣುಕೊಂದನ್ನು ಕತ್ತರಿಸಿ, ಅಲ್ಲಿಗೆ ಅಕ್ಕ ಕೆಂಪು ದಾರದಲ್ಲಿ ಹೂವು ಹೊಲಿದಿದ್ದಳು. ಆ ಹೂವಿಗೆ ಬೆರಳು ಸಿಕ್ಕಿಸಿಕೊಂಡೇ ಅವಳಿಗೆ ನಿದ್ದೆ ಬರುತ್ತಿತ್ತು. ಈಗ ಅದನ್ನು ನೆನೆದರೆ ಬಾಯಲ್ಲಿ ಕಹಿ ನೀರು ಬಂತು; ಆ ಕಹಿ ಯಾರ ಮೇಲಿನದು ಎಂದು ಅವಳಿಗೇ ತಿಳಿಯಲಿಲ್ಲ.

ಮರುವಾರ ಅವಳಿಗೂ ಭಾವನಿಗೂ ಒಂದೇ ದಿನ, ಒಂದೇ ಒಕ್ಕಣೆಯ ಕಾಗದ ಬಂತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಕೂಡದು. ಉಳಿದ ಐದು ಪೆಟ್ಟಿಗೆಗಳನ್ನು ಹಿತ್ತಲಿನ ಅಂಗಳದಲ್ಲಿ ಎಲ್ಲರೆದುರು ಬಿಚ್ಚಿಸಿದರು. ಎರಡು ನಿಜಕ್ಕೂ ಹೊಸವು. ಮೂರರ ಒಳಗೆ ತುಕ್ಕು, ಧೂಳು, ಒಣಗಿದ ಹಿಕ್ಕೆ. ವಿಚಾರಣೆಗೆ ಕುಳಿತವರಲ್ಲಿ ಒಬ್ಬರು ಅವಳನ್ನು ಕೇಳಿದರು, "ನಿಮ್ಮ ಸಹಿ ಬಗ್ಗೆ ನೀವೇ ಯಾಕೆ ಬರೆದ್ರಿ? ನಿಮ್ಮನ್ನ ಯಾರೂ ಕೇಳಿರಲಿಲ್ಲವಲ್ಲ." ಅವಳು "ಅದೂ ಆಗಿತ್ತಲ್ಲ ಸಾರ್" ಎಂದಳು.

ಎರಡು ತಿಂಗಳ ಮೇಲೆ, ತೀರ್ಮಾನ ಓದಿ ಹೇಳಲು ಇಬ್ಬರನ್ನೂ ಕರೆಸಿದರು. ಭಾವನನ್ನು ಕೆಲಸದಿಂದ ತೆಗೆದುಹಾಕಿದ್ದರು. ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟು, ಸೋಮವಾರದಿಂದ ಬರಬಹುದೆಂದರು. ಭಾವ ಎದ್ದುಹೋಗಿ, ಸ್ಟೋರ್ಸಿನಲ್ಲಿದ್ದ ತಮ್ಮ ಸಾಮಾನು ತರಲು ಕಾವಲುಗಾರನ ಜೊತೆ ಕೆಳಗಿಳಿದರು. ಅವಳ ಕಡೆ ನೋಡಲಿಲ್ಲ. ಕಾರಿಡಾರಿನಲ್ಲಿ ಹಿರಿಯ ನರ್ಸ್ ಸಿಕ್ಕಿ, "ಆ ಮಗೂಗೆ ರಕ್ತ ಬದಲಾಯಿಸೋದು ಬೇಕಾಗ್ಲಿಲ್ಲ, ಗೊತ್ತಾ? ಆರನೇ ದಿನ ಮನೆಗೆ ಹೋಯ್ತು" ಎಂದರು. ಅವಳು ತಲೆಯಾಡಿಸಿದಳು.

ಗೇಟಿನ ಹೊರಗೆ ನಡು ಮಧ್ಯಾಹ್ನದ ಬಿಸಿಲು. ಬಸ್ಸು ನಿಲ್ಲುವ ಕಡೆ ಚಾವಣಿ ಇರಲಿಲ್ಲ. ಒಂದು ಜಾಹೀರಾತಿನ ಹಲಗೆ ಮಾತ್ರ ರಸ್ತೆಯ ಮೇಲೆ ತೆಳ್ಳನೆಯ ನೆರಳು ಚೆಲ್ಲಿತ್ತು. ಆ ನೆರಳಿನಲ್ಲಿ ಗಂಡನಿಗಾಗಿ ಕಾಯುತ್ತ ಅಕ್ಕ ನಿಂತಿದ್ದಳು. ಕೈಯಲ್ಲಿ ಮಡಚಿದ ಖಾಲಿ ಚೀಲ. ತಂಗಿಯನ್ನು ಕಂಡು ಮುಖ ರಸ್ತೆಯ ಕಡೆ ತಿರುಗಿಸಿಕೊಂಡಳು.

ಅವಳು ನಾಲ್ಕು ಮಾರು ದೂರದಲ್ಲಿ, ಬಿಸಿಲಲ್ಲೇ ನಿಂತಳು. ಬಸ್ಸು ಬರಲಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ಒಂದು ಲಾರಿ ಧೂಳೆಬ್ಬಿಸಿಕೊಂಡು ಹೋಯಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಧೂಳು ಕುಳಿತ ಮೇಲೂ ಮುಖ ಈ ಕಡೆ ತಿರುಗಿಸಲಿಲ್ಲ. ಆದರೆ ಖಾಲಿ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಳು. ಹಲಗೆಯ ನೆರಳಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗವಾಯಿತು.